ಗಾಥಿಕ್ ಮದುವೆ ಗೌನು ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಮದುವೆ ಗೌನುಗಳನ್ನು ಹೊಲಿಯುತ್ತೇನೆ, ಆಲ್ಟರ್ ಮಾಡಿಕೊಡುತ್ತೇನೆ. ಈ ಕಡೆ ಗಾಥಿಕ್ ಗೌನು ಬೇಕು ಅಂತ ಬರುವವರು ಕಮ್ಮಿ ಏನಿಲ್ಲ. ಈಚೆಗೆ ಕನ್ನಡದವರೂ ಕೇಳುತ್ತಿದ್ದಾರೆ. ಇಲ್ಲೇ ಹುಟ್ಟಿ ಬೆಳೆದ ಹುಡುಗಿಯರು, ಓದೋಕೆ ಬಂದು ಇಲ್ಲಿಯವರನ್ನೇ ಮದುವೆಯಾಗುತ್ತಿರುವವರು, ಮಗಳು ಕಪ್ಪು ಗೌನು ಅಂದಳು ಅಂತ ಗಾಬರಿಯಾಗಿ ಫೋನ್ ಮಾಡುವ ಅಮ್ಮಂದಿರು. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಅದಕ್ಕೇ ಬರೆದಿಟ್ಟೆ.

ಗಾಥಿಕ್ ಗೌನು ಅಂದರೆ ಕಪ್ಪು ಗೌನು ತಾನೇ?

ಅಲ್ಲ. ತೋಳಿಲ್ಲದ, ಸಾದಾ ಕಪ್ಪು ಸ್ಯಾಟಿನ್ ಗೌನು ಹಾಕಿಕೊಂಡರೆ ಅದು ಪಾರ್ಟಿ ಡ್ರೆಸ್ ಆಗುತ್ತದೆ ಅಷ್ಟೇ. ಅದೇ ಕೆನೆ ಬಣ್ಣದ ಲೇಸು, ಕತ್ತಿನವರೆಗೆ ಮುಚ್ಚಿದ ಕಾಲರ್, ಬೆರಳಿನ ಬುಡಕ್ಕೆ ಚೂಪಾಗಿ ಇಳಿಯುವ ಬಿಗಿ ತೋಳು, ಬಿಗಿದ ಸೊಂಟ, ಹಿಂದೆ ಎಳೆದುಕೊಂಡು ಬರುವ ಉದ್ದ ಟ್ರೇನ್ ಇದ್ದರೆ, ಒಂದೆಳೆ ಕಪ್ಪು ಇಲ್ಲದಿದ್ದರೂ ನೋಡಿದವರು ಗಾಥಿಕ್ ಅನ್ನುತ್ತಾರೆ.

ಈ ಶೈಲಿಗೆ ಮೂರು ಕಡೆಯಿಂದ ನೀರು ಬಂದಿದೆ. ಒಂದು, ಮಧ್ಯಯುಗದ ಯುರೋಪಿನ ಚರ್ಚುಗಳು. ಮೇಲಕ್ಕೆ ಎಳೆಯುವ ಗೆರೆಗಳು, ಚೂಪು ಕಮಾನು, ಬಣ್ಣದ ಗಾಜು. ಇನ್ನೊಂದು, ವಿಕ್ಟೋರಿಯಾ ರಾಣಿಯ ಕಾಲದ ಸೂತಕದ ಉಡುಪು. ಮೂರನೆಯದು ನಮ್ಮ ಕಾಲದ್ದು. 1970ರ ದಶಕದ ಕೊನೆಯಲ್ಲಿ ಪಂಕ್ ಸಂಗೀತ ತಣ್ಣಗಾಗುತ್ತಿದ್ದಾಗ ಇಂಗ್ಲೆಂಡಿನಲ್ಲಿ ಹುಟ್ಟಿದ ಗಾಥ್ ಸಂಗೀತ, ಅದರ ಜೊತೆಗೆ ಬಂದ ವೇಷ. ಲಂಡನ್ನಿನ ಸೋಹೋದಲ್ಲಿ 1982ರಲ್ಲಿ ಶುರುವಾದ ಬ್ಯಾಟ್‌ಕೇವ್ ಕ್ಲಬ್ಬು ಅದಕ್ಕೆ ಹೆಸರುವಾಸಿ. ಹರಿದ ನೆಟ್ಟು, ಲೇಸು, ಲೆದರ್, ದಟ್ಟ ಕಾಡಿಗೆ ಎಲ್ಲ ಅಲ್ಲಿಯದು.

ನಿಮ್ಮ ಮನಸ್ಸಿನಲ್ಲಿರುವ ಗೌನು ಈ ಮೂರರಲ್ಲಿ ಯಾವುದಕ್ಕೆ ಹತ್ತಿರ ಅನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಆಮೇಲೆ ಬಟ್ಟೆ. ಬಣ್ಣ ಕೊನೆಗೆ. ಎಲ್ಲರೂ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಕಪ್ಪು ಅಂತ ತೀರ್ಮಾನ ಮಾಡಿ, ಆಮೇಲೆ ಅಂಗಡಿಯಲ್ಲಿ ಸಿಕ್ಕ ಯಾವುದೋ ಆಕಾರವನ್ನು ಒಪ್ಪಿಕೊಳ್ಳುತ್ತಾರೆ.

ಇದರಲ್ಲಿ ಯಾವ ಯಾವ ಬಗೆ ಇದೆ? ನನಗೆ ಯಾವುದು ಹೊಂದುತ್ತದೆ?

ವಿಕ್ಟೋರಿಯನ್ ಬಗೆ ಎಂದರೆ ಎತ್ತರದ ಕಾಲರ್, ಸಾಲು ಸಾಲು ಸಣ್ಣ ಗುಂಡಿ, ಕಾರ್ಸೆಟ್ (ದಾರ ಎಳೆದು ಸೊಂಟ ಬಿಗಿಯುವ ಗಟ್ಟಿ ಉಡುಪು) ಹಾಕಿದ ಸೊಂಟ, ಹಿಂಬದಿ ಉಬ್ಬಿದ ಬಸಲ್. ಬಸಲ್ ಜೋರಾಗಿದ್ದದ್ದು 1870 ಮತ್ತು 80ರ ದಶಕಗಳಲ್ಲಿ. ಕುಳ್ಳಗಿರುವವರಿಗೆ ಇದು ಚೆನ್ನಾಗಿ ಕಾಣುತ್ತದೆ, ಏಕೆಂದರೆ ಮುಂದುಗಡೆ ನೇರವಾಗಿ ಇಳಿಯುತ್ತದೆ, ಭಾರವೆಲ್ಲ ಹಿಂದೆ. ಆದರೆ ಕಾರಿನಲ್ಲಿ ಕೂರುವುದು ಕಷ್ಟ. ಕೂರುವುದನ್ನು ಅಭ್ಯಾಸ ಮಾಡಬೇಕು, ತಮಾಷೆಗೆ ಹೇಳುತ್ತಿಲ್ಲ.

ಮಧ್ಯಯುಗದ ಬಗೆಯಲ್ಲಿ ಮೈಗೆ ಅಂಟಿದ ಉದ್ದ ವೆಲ್ವೆಟ್ ಗೌನು, ಮೊಣಕೈಯಿಂದ ನೆಲದವರೆಗೆ ಜೋಲುವ ತೋಳು, ಸೊಂಟದ ಕೆಳಗೆ ಕಟ್ಟುವ ಪಟ್ಟಿ. ಕಾರ್ಸೆಟ್ ಬೇಡ ಅನ್ನುವವರಿಗೆ ಇದು ಒಳ್ಳೆಯದು. ಎತ್ತರ ಇರುವವರ ಮೇಲೆ ಇದು ರಾಣಿಯ ಹಾಗೆ ಕಾಣುತ್ತದೆ. ಜೋಲುವ ತೋಳು ಮಾತ್ರ ಊಟದ ತಟ್ಟೆಗೆ ಬೀಳುತ್ತದೆ. ನೆನಪಿರಲಿ.

ರೊಮ್ಯಾಂಟಿಕ್ ಬಗೆಯಲ್ಲಿ ಬಿಗಿ ಬಾಡಿಸ್ (ಗೌನಿನ ಸೊಂಟದ ಮೇಲಿನ ಭಾಗ), ಕೆಳಗೆ ಪದರ ಪದರ ಟ್ಯೂಲ್ ನೆಟ್ಟಿನ ದೊಡ್ಡ ಲಂಗ. ಅಂಗಡಿಗಳಲ್ಲಿ ಸಿಗುವ ಕಪ್ಪು ಗೌನುಗಳಲ್ಲಿ ಇದೇ ಜಾಸ್ತಿ. ಇನ್ನು ಈಗಿನ ಸರಳ ಬಗೆ ಇದೆ. ಕಪ್ಪು ಕ್ರೇಪ್ ಬಟ್ಟೆ, ನೇರ ಕಟ್ಟು, ಒಂದೇ ಒಂದು ಅಲಂಕಾರ. ಉದಾಹರಣೆಗೆ ಲೇಸಿನ ಬೆನ್ನು. ನನಗೆ ಹೊಲಿಯಲು ತುಂಬ ಇಷ್ಟ ಇದೇ, ಏಕೆಂದರೆ ಹೊಲಿಗೆ ಕೆಟ್ಟರೆ ಮುಚ್ಚಿಡಲು ಏನೂ ಇರುವುದಿಲ್ಲ.

ಕಪ್ಪು ಮದುವೆ ಗೌನು ಈಗ ಹುಟ್ಟಿಕೊಂಡ ಹುಚ್ಚಾ?

ಅಲ್ಲವೇ ಅಲ್ಲ. ಹೊಸದು ಬಿಳಿ. ಯುರೋಪಿನಲ್ಲಿ ಹಿಂದೆ ಮದುಮಗಳು ತನ್ನ ಹತ್ತಿರ ಇದ್ದ ಒಳ್ಳೆಯ ಉಡುಪನ್ನೇ ಹಾಕಿಕೊಳ್ಳುತ್ತಿದ್ದಳು. ಬಣ್ಣ ಯಾವುದಾದರೂ ಸರಿ. ಮದುವೆಯ ನಂತರವೂ ಅದೇ ಗೌನು ಚರ್ಚಿಗೆ, ಹಬ್ಬಕ್ಕೆ ನಡೆಯುತ್ತಿತ್ತು. ಜರ್ಮನಿಯ ಹಳ್ಳಿಗಳಲ್ಲಿ, ಸ್ಕ್ಯಾಂಡಿನೇವಿಯಾದ ಕೆಲವು ಕಡೆ 19ನೇ ಶತಮಾನದಲ್ಲೂ ಕಪ್ಪು ಗೌನಿನಲ್ಲಿ ಮದುವೆಯಾಗುವುದು ಮಾಮೂಲಿ. ಸ್ಪೇನಿನಲ್ಲಿ ಕಪ್ಪು ರೇಷ್ಮೆ ಗೌನು, ತಲೆಗೆ ಮಂಟಿಯ ಎಂಬ ಕಪ್ಪು ಲೇಸಿನ ಹೊದಿಕೆ ಹಾಕುವ ಪದ್ಧತಿ ಇತ್ತು.

ವಿಕ್ಟೋರಿಯಾ ರಾಣಿ 1840ರ ಫೆಬ್ರವರಿ 10ರಂದು ಬಿಳಿ ಸ್ಯಾಟಿನ್ ಮತ್ತು ಹಾನಿಟನ್ ಲೇಸಿನಲ್ಲಿ ಮದುವೆಯಾದಳು. ಅದರ ಚಿತ್ರಗಳು ಎಲ್ಲ ಕಡೆ ಹೋದವು, ಬಿಳಿ ಫ್ಯಾಷನ್ ಆಯಿತು. 1861ರ ಡಿಸೆಂಬರಿನಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ಅದೇ ರಾಣಿ 1901ರಲ್ಲಿ ತಾನು ಸಾಯುವವರೆಗೂ ಕಪ್ಪು ಬಿಡಲಿಲ್ಲ. ಬಿಳಿ ಮದುವೆ ಗೌನು, ಕಪ್ಪು ಸೂತಕದ ಗೌನು ಎರಡಕ್ಕೂ ಮೇಲ್ಪಂಕ್ತಿ ಹಾಕಿದ್ದು ಒಬ್ಬಳೇ ಹೆಂಗಸು. ಇನ್ನೂ ವಿಚಿತ್ರ ಏನು ಗೊತ್ತಾ? ಅವಳನ್ನು ಸಮಾಧಿ ಮಾಡಿದ್ದು ಬಿಳಿ ಉಡುಪಿನಲ್ಲಿ, ಮದುವೆಯ ವೇಲ್ ಹೊದಿಸಿ. ಹಾಗೆ ಮಾಡಬೇಕೆಂದು ಅವಳೇ ಹೇಳಿಟ್ಟಿದ್ದಳು.

ಈಚಿನ ಮಾತಿಗೆ ಬಂದರೆ, ಅಮೆರಿಕದ ನರ್ತಕಿ ಡೀಟಾ ವಾನ್ ಟೀಸ್ 2005ರಲ್ಲಿ ಐರ್ಲೆಂಡಿನ ಕೋಟೆಯೊಂದರಲ್ಲಿ ಇಂಗ್ಲಿಷ್ ಡಿಸೈನರ್ ವಿವಿಯನ್ ವೆಸ್ಟ್‌ವುಡ್ ಮಾಡಿದ ನೇರಳೆ ಗೌನಿನಲ್ಲಿ ಮದುವೆಯಾದಳು. ಇವತ್ತಿಗೂ ನನ್ನ ಬಳಿ ಬರುವವರು ಆ ಫೋಟೋ ತೋರಿಸುತ್ತಾರೆ. ಅಮೆರಿಕದ ಡಿಸೈನರ್ ವೆರಾ ವಾಂಗ್ 2012ರ ಸಂಗ್ರಹದಲ್ಲಿ ಕಪ್ಪು ಮದುವೆ ಗೌನುಗಳನ್ನೇ ತಂದಳು. ಆಮೇಲೆ ಮಾಮೂಲಿ ಬ್ರೈಡಲ್ ಅಂಗಡಿಗಳೂ ಒಂದೆರಡು ಕಪ್ಪು ಗೌನು ಇಡಲು ಶುರು ಮಾಡಿದವು.

ಕಪ್ಪು ಬಿಟ್ಟು ಬೇರೆ ಯಾವ ಬಣ್ಣ ನಡೆಯುತ್ತದೆ?

ದ್ರಾಕ್ಷಿ ಕೆಂಪು, ಗಾಢ ನೇರಳೆ, ಬಾಟಲಿ ಹಸಿರು, ನಡುರಾತ್ರಿ ನೀಲಿ, ಬೂದಿ, ತಿಳಿ ನೇರಳೆ. ಕೊನೆಯ ಎರಡು ವಿಕ್ಟೋರಿಯನ್ ಕಾಲದಲ್ಲಿ ಅರೆಸೂತಕದ, ಅಂದರೆ ಸೂತಕದ ಕೊನೆಯ ಹಂತದ ಬಣ್ಣಗಳು. ಮರುಮದುವೆಯಾಗುವ ವಿಧವೆಯರೂ ಅವನ್ನೇ ಹಾಕುತ್ತಿದ್ದರು. ಹಾಗಾಗಿ ಬೂದಿ ಬಣ್ಣದ ಗೌನು ಕಪ್ಪಿಗಿಂತ ಹೆಚ್ಚು ಅಪ್ಪಟ ಅಂತಲೇ ಹೇಳಬಹುದು.

ಕೆನೆ ಬಣ್ಣದ ಮೇಲೆ ಕಪ್ಪು ಲೇಸು ಹಾಕಿದರೆ ಲೇಸಿನ ಪ್ರತಿ ಹೂವೂ ಎದ್ದು ಕಾಣುತ್ತದೆ. ಅಚ್ಚ ಬಿಳಿಯ ಮೇಲೆ ಹಾಕಬೇಡಿ, ಕಣ್ಣಿಗೆ ಹೊಡೆಯುತ್ತದೆ.

ನಮ್ಮ ಕಂದು ಮೈಬಣ್ಣದವರಿಗೆ ಒಂದು ಮುಖ್ಯ ಮಾತು. ಲೇಸಿನ ಅಡಿಗೆ ಮೈಬಣ್ಣದ್ದು ಅಂತ ಹಾಕುವ ನೆಟ್ಟು ರೆಡಿಮೇಡ್ ಗೌನುಗಳಲ್ಲಿ ಬಹಳ ಸಲ ಬಿಳಿಯರ ಮೈಗೆ ಹೊಂದುವ ತಿಳಿ ಗುಲಾಬಿ. ನಮ್ಮ ಮೇಲೆ ಅದು ಬ್ಯಾಂಡೇಜಿನ ಹಾಗೆ ಕಾಣುತ್ತದೆ. ಆರ್ಡರ್ ಕೊಡುವಾಗಲೇ ನಿಮ್ಮ ಕೈಗೆ ಹಿಡಿದು ನೋಡಿ ಬೇರೆ ನೆಟ್ಟು ಹಾಕಿಸಿ. ರೆಡಿಮೇಡ್ ಆದರೆ ಟೇಲರ್ ಹತ್ತಿರ ಬದಲಾಯಿಸಬಹುದು. ಇದನ್ನು ಬಿಟ್ಟರೆ, ಗಾಢ ಬಣ್ಣಗಳು ನಮ್ಮ ಮೈಗೆ ಬಿಳಿಯರಿಗಿಂತ ಚೆನ್ನಾಗಿ ಒಪ್ಪುತ್ತವೆ. ಕಪ್ಪು ಹಾಕಿದರೆ ಅವರ ಮುಖ ಎಷ್ಟೋ ಸಲ ಬಿಳಿಚಿಕೊಳ್ಳುತ್ತದೆ, ನಮಗೆ ಆ ತೊಂದರೆ ಇಲ್ಲ.

ಯಾವ ಬಟ್ಟೆ ತಗೋಬೇಕು?

ನಿಮ್ಮ ದುಡ್ಡೆಲ್ಲ ಹೋಗಬೇಕಾದ್ದು ಇಲ್ಲಿಗೆ. ಮಣಿ, ಹೂವು, ರಿಬ್ಬನ್ನಿಗೆ ಅಲ್ಲ.

ವೆಲ್ವೆಟ್ ಬೆಳಕನ್ನು ನುಂಗುತ್ತದೆ. ಹಾಗಾಗಿ ಕಪ್ಪು ವೆಲ್ವೆಟ್ಟಿನಷ್ಟು ಕಪ್ಪು ಬೇರೆ ಯಾವ ಬಟ್ಟೆಯಲ್ಲೂ ಬರುವುದಿಲ್ಲ. ಅದರ ಜುಂಗು, ಅಂದರೆ ಮೇಲಿನ ಕೂದಲಿನಂಥ ಎಳೆ, ಒಂದು ದಿಕ್ಕಿಗೆ ಮಲಗಿರುತ್ತದೆ. ಜುಂಗು ಮೇಲ್ಮುಖವಾಗಿ ಬರುವ ಹಾಗೆ ಕತ್ತರಿಸಿದರೆ ಬಣ್ಣ ದಟ್ಟ, ಕೆಳಮುಖವಾದರೆ ಸ್ವಲ್ಪ ತಿಳಿ. ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸಬೇಕು, ಅದಕ್ಕೆ ಬಟ್ಟೆ ಜಾಸ್ತಿ ಬೇಕು. ಅಗ್ಗದ ಗೌನಿನಲ್ಲಿ ಇಲ್ಲೇ ಉಳಿತಾಯ ಮಾಡಿರುತ್ತಾರೆ. ಒಂದು ಪಟ್ಟಿ ಕಪ್ಪು, ಪಕ್ಕದ್ದು ಬೂದಿ ಬೂದಿ ಕಂಡರೆ ಅದೇ ಕಾರಣ. ರೇಷ್ಮೆ ವೆಲ್ವೆಟ್ ಅಂತ ಮಾರುವುದರಲ್ಲಿ ಹೆಚ್ಚಿನದು 18% ರೇಷ್ಮೆ, 82% ವಿಸ್ಕೋಸ್. ಅದು ಮೋಸ ಏನಲ್ಲ, ಮೈಮೇಲೆ ಇಳಿಬೀಳುವ ರೀತಿ ತುಂಬ ಚೆನ್ನಾಗಿರುತ್ತದೆ. ಆದರೆ ಕೂತ ಜಾಗದಲ್ಲಿ ನಲುಗುತ್ತದೆ. ವೆಲ್ವೆಟ್ಟಿಗೆ ನೇರ ಇಸ್ತ್ರಿ ಇಡಲೇಬೇಡಿ, ಹಬೆ ಮಾತ್ರ.

ಲೇಸಿನಲ್ಲಿ ಗಾಥಿಕ್ ಗೌನಿಗೆ ಹೇಳಿ ಮಾಡಿಸಿದ್ದು ಶಾಂಟಿಲಿ. ಹಳೆಯ ಶಾಂಟಿಲಿ ಲೇಸು ಕಪ್ಪು ರೇಷ್ಮೆಯಲ್ಲೇ ಹೆಸರಾದದ್ದು. ಈಗ ಒಳ್ಳೆಯದು ಬರುವುದು ಫ್ರಾನ್ಸಿನ ಕಲೇ ಮತ್ತು ಕೋದ್ರಿ ಊರುಗಳಿಂದ. 1813ರಲ್ಲಿ ನಾಟಿಂಗ್‌ಹ್ಯಾಮಿನ ಜಾನ್ ಲೀವರ್ಸ್ ಮಾಡಿದ ಯಂತ್ರದ ವಂಶದ ಮಗ್ಗಗಳಲ್ಲೇ ಇನ್ನೂ ನೇಯುತ್ತಾರೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಉಪಾಯ ಏನೆಂದರೆ, ಇಡೀ ಗೌನಿಗೆ ಹಾಕದೆ ತೋಳು ಮತ್ತು ಕತ್ತಿಗಷ್ಟೇ ಒಳ್ಳೆ ಲೇಸು ಹಾಕಿಸಿ. ಜನ ನೋಡುವುದೂ ಅಲ್ಲೇ, ಫೋಟೋ ಬರುವುದೂ ಅಲ್ಲೇ. ಲೇಸಿನ ಅಂಚು ಕತ್ತರಿಯಲ್ಲಿ ನೇರ ಕತ್ತರಿಸಿ ಮಡಚಿದ್ದರೆ ಬೇಡ. ಹೂಬಳ್ಳಿಯ ಆಕಾರವನ್ನೇ ಅನುಸರಿಸಿ ಬಿಡಿಸಿ, ಕೈಯಲ್ಲಿ ಕೂರಿಸಿದ್ದರೆ ತಗೊಳ್ಳಿ.

ಟ್ಯಾಫೆಟಾ ಗರಿಗರಿ, ನಡೆದರೆ ಸರಸರ ಅನ್ನುತ್ತದೆ. ಬಸಲ್ ನಿಲ್ಲಲು ಇದೇ ಬೇಕು. ಎರಡು ಬಣ್ಣದ ನೂಲಿನಲ್ಲಿ ನೇಯ್ದದ್ದು ಸಿಕ್ಕರೆ ಬಿಡಬೇಡಿ. ಕಪ್ಪು ಹಾಸು, ಕೆಂಪು ಹೊಕ್ಕು ಇದ್ದರೆ ತಿರುಗಿದಾಗಲೆಲ್ಲ ಬಣ್ಣ ಬದಲಾಗುತ್ತದೆ. ನಮ್ಮ ರೇಷ್ಮೆ ಸೀರೆಗಳಲ್ಲಿ ಇದನ್ನು ನೀವು ನೋಡಿಯೇ ಇರುತ್ತೀರಿ. ಬೆಂಗಳೂರಿನಿಂದ ಅಂಥ ರೇಷ್ಮೆ ತರಿಸಿ ಇಲ್ಲಿ ಹೊಲಿಸಿದವರಿದ್ದಾರೆ. ಇಲ್ಲಿನ ಬೆಲೆಗೆ ಹೋಲಿಸಿದರೆ ತುಂಬ ಲಾಭ.

ಹೊಳೆಯುವ ತೆಳು ಪಾಲಿಯೆಸ್ಟರ್ ಸ್ಯಾಟಿನ್ ಬೇಡವೇ ಬೇಡ. ಕಪ್ಪಿನಲ್ಲಿ ಅದರ ಅಗ್ಗತನ ಬಿಳಿಗಿಂತ ಬೇಗ ಗೊತ್ತಾಗುತ್ತದೆ.

ಕಪ್ಪಿಗೆ ಕಪ್ಪು ಮ್ಯಾಚ್ ಆಗುವುದಿಲ್ಲ ಅಂತಾರೆ, ನಿಜವಾ?

ನಿಜ. ಒಂದು ಕಪ್ಪು ನೀಲಿಗೆ ತಿರುಗಿರುತ್ತದೆ, ಒಂದು ಕಂದಿಗೆ, ಇನ್ನೊಂದು ಹಸಿರಿಗೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಗೊತ್ತಾಗುವುದಿಲ್ಲ. ಲೇಸು, ಬಾಡಿಸ್, ಲಂಗ ಬೇರೆ ಬೇರೆ ಕಡೆ ಕೊಳ್ಳುತ್ತಿದ್ದರೆ ಮೂರರ ಚೂರುಗಳನ್ನೂ ಹೊರಗೆ ಹಗಲು ಬೆಳಕಿನಲ್ಲಿ ಒಟ್ಟಿಗೆ ಇಟ್ಟು ನೋಡಿ. ಹೊಂದದಿದ್ದರೆ ಬಟ್ಟೆಯ ಗುಣವನ್ನೇ ಬದಲಿಸಿ. ವೆಲ್ವೆಟ್ ಪಕ್ಕ ಲೇಸು ಇದ್ದರೆ ಕಪ್ಪು ಬೇರೆಯಾದರೂ ಬೇಕಂತಲೇ ಮಾಡಿದ ಹಾಗಿರುತ್ತದೆ. ಸ್ಯಾಟಿನ್ ಪಕ್ಕ ಇನ್ನೊಂದು ಸ್ಯಾಟಿನ್ ಇದ್ದರೆ ಮಾತ್ರ ತಪ್ಪು ಎದ್ದು ಕಾಣುತ್ತದೆ.

ಬಣ್ಣ ಬಿಡುತ್ತದಾ?

ಬಿಡಬಹುದು. ಗಾಢ ಕಪ್ಪು, ಗಾಢ ಕೆಂಪು ಎರಡೂ ಬೆವರಿಗೆ, ಉಜ್ಜಿದರೆ ಬಿಡುತ್ತವೆ. ಕಂಕುಳು, ಕತ್ತು ಕಪ್ಪಾಗುವುದಲ್ಲದೆ ತಬ್ಬಿಕೊಂಡ ಮದುಮಗನ ಬಿಳಿ ಶರ್ಟಿಗೂ ಹತ್ತುತ್ತದೆ. ಒದ್ದೆ ಬಿಳಿ ಕರ್ಚೀಫಿನಲ್ಲಿ ಗೌನಿನ ಒಳಗಿನ ಮಡಿಕೆಯನ್ನು ಉಜ್ಜಿ ನೋಡಿ, ಅಷ್ಟು ಸಾಕು. ವಿಕ್ಟೋರಿಯನ್ ಕಾಲದ ಸೂತಕದ ಕ್ರೇಪ್ ಬಟ್ಟೆಗೂ ಇದೇ ಕಾಯಿಲೆ ಇತ್ತು. ಮಳೆ ಬಿದ್ದರೆ ಕಲೆ ಕಲೆಯಾಗಿ ಬಣ್ಣ ಇಳಿಯುತ್ತಿತ್ತು. ಇಂಗ್ಲೆಂಡಿನ ಮಳೆಯಲ್ಲಿ ಪಾಪ ಆ ವಿಧವೆಯರ ಗತಿ ಯೋಚಿಸಿ. ಆ ಕ್ರೇಪ್ ಮಾಡಿದ ಕೋರ್ಟಾಲ್ಡ್ ಮನೆತನ ಮಾತ್ರ ಚೆನ್ನಾಗಿ ದುಡ್ಡು ಮಾಡಿತು.

ಬಿಳಿ ಗೌನು ಅಗ್ಗಕ್ಕೆ ತಗೊಂಡು ಕಪ್ಪು ಬಣ್ಣ ಹಾಕಿಸಬಹುದಾ?

ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಸಾಮಾನ್ಯವಾಗಿ ಬೇಡ ಅನ್ನುತ್ತೇನೆ.

ಮದುವೆ ಗೌನುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಹತ್ತಿಗೆ, ರೇಷ್ಮೆಗೆ ಹಾಕುವ ಮಾಮೂಲಿ ಬಣ್ಣ ಪಾಲಿಯೆಸ್ಟರಿಗೆ ಹಿಡಿಯುವುದಿಲ್ಲ. ಅದಕ್ಕೆ ಬೇರೆಯೇ ಬಣ್ಣ ಬೇಕು, ನೀರು ಕುದಿಯುವಷ್ಟು ಬಿಸಿ ಇರಬೇಕು. ಆ ಬಿಸಿಗೆ ಬಾಡಿಸ್ ಒಳಗೆ ಅಂಟಿಸಿದ ಕ್ಯಾನ್ವಾಸ್ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ, ಬಾಡಿಸ್ ನೆಟ್ಟಗೆ ನಿಲ್ಲಲು ಒಳಗೆ ಹಾಕುವ ಪ್ಲಾಸ್ಟಿಕ್ ಕಡ್ಡಿಗಳು, ಅಂದರೆ ಬೋನುಗಳು, ಸೊಟ್ಟಗಾಗುತ್ತವೆ. ರೇಷ್ಮೆ ಗೌನಾದರೆ ಬಣ್ಣ ಹಿಡಿಯುತ್ತದೆ, ಆದರೆ ಒಳಗಿನ ಲೈನಿಂಗ್ ಒಂದು ಅಳತೆ, ಹೊರಗಿನ ಬಟ್ಟೆ ಇನ್ನೊಂದು ಅಳತೆ ಕುಗ್ಗಬಹುದು. ಹೊಲಿಗೆಯ ದಾರ ಹೇಗೂ ಪಾಲಿಯೆಸ್ಟರ್, ಅದು ಬಿಳಿಯಾಗಿಯೇ ಉಳಿಯುತ್ತದೆ. ಕಪ್ಪು ಗೌನಿನ ತುಂಬ ಬಿಳಿ ಹೊಲಿಗೆ.

ಹತ್ತಿಯ, ಸರಳ ಹೊಲಿಗೆಯ, ಹಳೆಯ ಗೌನು ಸಿಕ್ಕರೆ ಪ್ರಯತ್ನಿಸಬಹುದು. ಆಗಲೂ ಅಚ್ಚ ಕಪ್ಪು ಬರುವುದು ಕಷ್ಟ. ಬೂದಿ ಅಥವಾ ನೇರಳೆಗೆ ಹೋಗಿ, ಚೆನ್ನಾಗಿ ಬರುತ್ತದೆ. ಅಡಿಯಿಂದ ಮೇಲಕ್ಕೆ ತಿಳಿಯಾಗುವ ಹಾಗೆ ಅದ್ದಿಸಿದರೆ ಇನ್ನೂ ಚೆಂದ.

ಕಾರ್ಸೆಟ್ ಹಾಕಲೇಬೇಕಾ? ಉಸಿರು ಕಟ್ಟುವುದಿಲ್ವಾ?

ಹಾಕಲೇಬೇಕು ಅಂತಿಲ್ಲ. ಹಾಕುವುದಾದರೆ ನಿಜವಾದದ್ದನ್ನು ಹಾಕಿ.

ಅಂಗಡಿಗಳಲ್ಲಿ ಕಾರ್ಸೆಟ್ ಅಂತ ಮಾರುವ ಎಷ್ಟೋ ಬಾಡಿಸ್‌ಗಳಲ್ಲಿ ಪ್ಲಾಸ್ಟಿಕ್ ಬೋನು ಇರುತ್ತದೆ. ಮೈಬಿಸಿಗೆ ಅದು ಬಾಗಿ, ಮಧ್ಯಾಹ್ನದ ಹೊತ್ತಿಗೆ ಪಕ್ಕೆಗೆ ಚುಚ್ಚಲು ಶುರುವಾಗುತ್ತದೆ. ಉಕ್ಕಿನ ಬೋನು ಎರಡು ತರಹ. ಚಪ್ಪಟೆ ಪಟ್ಟಿ ಹಿಂದೆ ದಾರ ಕಟ್ಟುವ ಜಾಗಕ್ಕೆ, ಸುರುಳಿ ಬೋನು ಪಕ್ಕೆಗಳಿಗೆ. ಸುರುಳಿಯದು ಎಲ್ಲ ಕಡೆಗೂ ಬಾಗುತ್ತದೆ, ಮೈ ತಿರುಗಿದ ಹಾಗೆ ತಿರುಗುತ್ತದೆ. ಮುಂದುಗಡೆ ಬಸ್ಕ್ ಎಂಬ ಉಕ್ಕಿನ ಕೊಂಡಿಪಟ್ಟಿ. ಸೊಂಟದ ಗೆರೆಯಲ್ಲಿ ಒಳಗೆ ಒಂದು ಗಟ್ಟಿ ಟೇಪು ಓಡಬೇಕು, ಇಲ್ಲದಿದ್ದರೆ ಬಟ್ಟೆ ಹಿಗ್ಗುತ್ತದೆ. ಒಳಪದರಕ್ಕೆ ಕೂಟಿಲ್ ಎಂಬ ಬಿಗಿ ನೇಯ್ಗೆಯ ಹತ್ತಿ ಬಟ್ಟೆ ಹಾಕುತ್ತೇವೆ.

ಮದುವೆ ದಿನಕ್ಕೆ ಸೊಂಟ 2 ಇಂಚು ಕಡಿಮೆ ಮಾಡಿದರೆ ಸಾಕು. ಅದಕ್ಕಿಂತ ಜಾಸ್ತಿ ಬಿಗಿಯಬೇಕಾದರೆ ಅಭ್ಯಾಸ ಬೇಕು. ಕಟ್ಟಿದ ಮೇಲೆ ಹಿಂದೆ ಎರಡೂ ಅಂಚುಗಳ ನಡುವೆ ಮೇಲಿನಿಂದ ಕೆಳಗೆ ಒಂದೇ ಅಗಲದ ಸಂದು ಉಳಿಯಬೇಕು, ಸುಮಾರು 2 ಇಂಚು. ಮೇಲೆ ಅಗಲ, ಕೆಳಗೆ ಕಿರಿದು ಆದರೆ ಆ ಕಾರ್ಸೆಟ್ ನಿಮ್ಮ ಮೈಗೆ ಹೊಲಿದದ್ದಲ್ಲ. ಮದುವೆಗೆ ಎರಡು ಮೂರು ವಾರ ಮುಂಚೆಯಿಂದ ದಿನಕ್ಕೆ ಒಂದೆರಡು ಗಂಟೆ ಮನೆಯಲ್ಲಿ ಹಾಕಿಕೊಂಡು ಓಡಾಡಿ. ಉಕ್ಕು ನಿಮ್ಮ ಮೈಗೆ ಒಗ್ಗುತ್ತದೆ.

ಎದೆ ಮೇಲ್ಭಾಗದಿಂದ ಉಸಿರಾಡಬಹುದು, ಹಾಡಿ ಕುಣಿಯಬಹುದು. ಹೊಟ್ಟೆ ತುಂಬ ಬಿರಿಯಾನಿ ತಿನ್ನಲಾಗುವುದಿಲ್ಲ. ಆಸ್ತಮಾ, ಬೆನ್ನುಮೂಳೆ ತೊಂದರೆ, ಎದೆಯುರಿ ಇರುವವರು ಡಾಕ್ಟರನ್ನು ಕೇಳಿ. ಬಸುರಿಯರು ಮಧ್ಯಯುಗದ ಬಗೆಯ ಗೌನಿಗೆ ಹೋಗಿ, ಇದರ ಗೋಜೇ ಬೇಡ.

ಅದನ್ನು ಹಾಕಿಕೊಂಡು ಟಾಯ್ಲೆಟ್ಟಿಗೆ ಹೋಗೋದು ಹೇಗೆ?

ಇಬ್ಬರು ಗೆಳತಿಯರ ಜೊತೆ. ಒಬ್ಬರು ಲಂಗ ಎತ್ತಿ ಹಿಡಿಯಲು, ಇನ್ನೊಬ್ಬರು ನಗಲು.

ಹ್ಯಾಲೊವೀನ್ ವೇಷದ ಹಾಗೆ ಕಾಣುತ್ತೇನಾ ಅಂತ ಭಯ.

ಕಾಣಬಹುದು, ಎಲ್ಲವನ್ನೂ ಒಟ್ಟಿಗೆ ಹೇರಿಕೊಂಡರೆ. ಬಾವಲಿ ಬ್ರೋಚು, ಜೇಡರಬಲೆ ನೆಟ್ಟು, ತಲೆಬುರುಡೆ ಗುಂಡಿ, ಕಪ್ಪು ತುಟಿ, ಕಪ್ಪು ಗುಲಾಬಿ. ಒಂದೇ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿ.

ವೇಷಕ್ಕೂ ಗೌನಿಗೂ ಇರುವ ನಿಜವಾದ ವ್ಯತ್ಯಾಸ ಒಳಗಡೆ ಇದೆ. ಗೌನನ್ನು ಒಳಗು ಹೊರಗು ಮಾಡಿ ನೋಡಿ. ಲೈನಿಂಗ್ ಇದೆಯಾ? ಜೋಡಣೆ ಹೊಲಿಗೆಯಲ್ಲಿ ಬಿಚ್ಚಿ ಅಗಲಿಸಲು ಬಟ್ಟೆ ಬಿಟ್ಟಿದ್ದಾರಾ? ಕೆಳ ಅಂಚಿನಲ್ಲಿ ಗಟ್ಟಿ ಪಟ್ಟಿ ಇದೆಯಾ? ಲಂಗ ತಾನಾಗಿ ನಿಲ್ಲುತ್ತದಾ, ಇಲ್ಲ ಕಾಲಿಗೆ ಸುತ್ತಿಕೊಳ್ಳುತ್ತದಾ? ಕೈಯಲ್ಲಿ ಎತ್ತಿದರೆ ತೂಕ ಗೊತ್ತಾಗಬೇಕು. ತೂಕವೇ ಇಲ್ಲದ ಗಾಥಿಕ್ ಗೌನು ನಾಟಕದ ಬಟ್ಟೆ.

ಫೋಟೋದಲ್ಲಿ ಕಪ್ಪು ಗೌನು ಬರೀ ಕಪ್ಪು ಮುದ್ದೆಯಾಗಿ ಬರುತ್ತದಂತೆ?

ಬರುತ್ತದೆ, ಒಂದೇ ಬಟ್ಟೆಯಿಂದ ಹೊಲಿದಿದ್ದರೆ. ಬಾಡಿಸ್‌ಗೆ ವೆಲ್ವೆಟ್, ತೋಳಿಗೆ ಲೇಸು, ಲಂಗಕ್ಕೆ ಟ್ಯಾಫೆಟಾ ಅಂತ ಬಗೆ ಬಗೆ ಇದ್ದರೆ ಬೆಳಕು ಒಂದೊಂದರ ಮೇಲೂ ಬೇರೆ ಥರ ಬೀಳುತ್ತದೆ, ಕ್ಯಾಮೆರಾಕ್ಕೆ ಹಿಡಿಯಲು ಏನಾದರೂ ಸಿಗುತ್ತದೆ. ಮದುವೆ ಸಂಜೆ ಮಂದ ಬೆಳಕಿನ ಹಾಲಿನಲ್ಲಿದ್ದರೆ ಕಪ್ಪು ವೆಲ್ವೆಟ್ ಪೂರ್ತಿ ಮಾಯ. ಅಲ್ಲಿಗೆ ದ್ರಾಕ್ಷಿ ಕೆಂಪು ಹೆಚ್ಚು ಸರಿ. ಫೋಟೋಗ್ರಾಫರಿಗೆ ಮೊದಲೇ ಹೇಳಿ, ಹಿಂದಿನಿಂದ ಅಥವಾ ಪಕ್ಕದಿಂದ ಬೆಳಕು ಕೊಡಲಿ. ಮದುಮಗನೂ ಅಚ್ಚ ಕಪ್ಪು ಸೂಟು ಹಾಕಿ ಪಕ್ಕದಲ್ಲಿ ನಿಂತರೆ ಇಬ್ಬರೂ ಒಂದೇ ಕಂಬದ ಹಾಗೆ ಕಾಣುತ್ತೀರಿ. ಅವನಿಗೆ ಬೂದಿ ಬಣ್ಣ ಅಥವಾ ಕಸೂತಿಯ ವೇಸ್ಟ್‌ಕೋಟ್ ಕೊಡಿಸಿ.

ಚರ್ಚಿನಲ್ಲಿ ಕಪ್ಪು ಗೌನು ಒಪ್ಪುತ್ತಾರಾ?

ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನಲ್ಲಾಗಲಿ, ಕ್ಯಾಥೊಲಿಕರಲ್ಲಾಗಲಿ ಮದುಮಗಳ ಗೌನಿನ ಬಣ್ಣಕ್ಕೆ ಕಾನೂನಿಲ್ಲ. ತೆರೆದ ಬೆನ್ನು, ತೆರೆದ ಎದೆಗೆ ಕೆಲವು ಪಾದ್ರಿಗಳು ಮುಖ ಸಿಂಡರಿಸಬಹುದು. ಕತ್ತಿನವರೆಗೆ ಮುಚ್ಚಿದ ವಿಕ್ಟೋರಿಯನ್ ಗೌನಿಗೆ ಆ ತಕರಾರೂ ಬರುವುದಿಲ್ಲ. ಆದರೂ ಮೊದಲೇ ಒಂದು ಮಾತು ಹೇಳಿಡಿ, ಮದುವೆ ದಿನ ಯಾರಿಗೂ ಆಶ್ಚರ್ಯ ಬೇಡ.

ಮೈಸೂರಿನ ಸಂತ ಫಿಲೋಮಿನಾ, ಬೆಂಗಳೂರು ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಎರಡೂ ಗಾಥಿಕ್ ಶೈಲಿಯ ಕಟ್ಟಡಗಳೇ. ಗೌನಿಗೆ ಅದಕ್ಕಿಂತ ಒಳ್ಳೆ ಹಿನ್ನೆಲೆ ಬೇಕಾ? ಆದರೆ ಅಲ್ಲಿನ ಸಭೆಯವರು ಬಿಳಿಗೆ ಒಗ್ಗಿದವರು. ಕೆನೆ ಬಣ್ಣದ ಗಾಥಿಕ್ ಗೌನು ಹಾಕಿಕೊಂಡು ಹೋದರೆ ಯಾರ ಮನಸ್ಸಿಗೂ ನೋವಾಗುವುದಿಲ್ಲ. ಮಂಗಳೂರು ಕ್ಯಾಥೊಲಿಕರಲ್ಲಿ ಕೆಂಪು ಸಾಡೊ ಸೀರೆ ಉಡುವ ಪದ್ಧತಿ ಇದೆಯಲ್ಲ, ದ್ರಾಕ್ಷಿ ಕೆಂಪು ಗೌನಿಗೆ ಅದರಿಂದಲೇ ಒಂದು ತುಂಡು ಲೇಸಿನ ಅಡಿಗೆ ಹಾಕಿಸಬಹುದು.

ಅಮ್ಮ ಕಪ್ಪು ಅಶುಭ ಅಂತ ಅಳುತ್ತಿದ್ದಾರೆ. ಏನು ಮಾಡಲಿ?

ಅವರಿಗೆ ಇತಿಹಾಸದ ಪಾಠ ಮಾಡಬೇಡಿ. ಮೇಲೆ ನಾನು ಬರೆದ ವಿಕ್ಟೋರಿಯಾ ಕಥೆ ಹೇಳಿದರಂತೂ ಇನ್ನೂ ಕೆಲಸ ಕೆಡುತ್ತದೆ. ಇಂಗ್ಲಿಷರಲ್ಲೂ ಕಪ್ಪು ಉಟ್ಟು ಮದುವೆಯಾದವಳು ಪಶ್ಚಾತ್ತಾಪ ಪಡುತ್ತಾಳೆ ಅನ್ನುವ ಹಳೆಯ ಪದ್ಯ ಇದೆ. ಇಲ್ಲಿನ ಅಜ್ಜಿಯರೂ ಮೂಗು ಮುರಿಯುತ್ತಾರೆ. ನಿಮ್ಮಮ್ಮ ಒಬ್ಬರೇ ಅಲ್ಲ.

ನಾನು ಕಂಡ ಹಾಗೆ ಸುಲಭದ ದಾರಿ, ಧಾರೆಗೆ ಸೀರೆ, ಸಂಜೆಯ ರಿಸೆಪ್ಷನ್ನಿಗೆ ಗೌನು. ಮುಹೂರ್ತದಲ್ಲಿ ಅವರ ಮಾತು ನಡೆದರೆ ಸಂಜೆಗೆ ಅವರು ಜಾಸ್ತಿ ತಕರಾರು ಮಾಡುವುದಿಲ್ಲ. ಅದೂ ಆಗದಿದ್ದರೆ ಗಾಢ ಕೆಂಪಿಗೆ ಹೋಗಿ, ಲೇಸು ಮಾತ್ರ ಕಪ್ಪು ಇರಲಿ. ತಾಳಿಯ ಜೊತೆ ಕರಿಮಣಿ ಇರುವುದು ನಮ್ಮಲ್ಲೇ ಅಲ್ವಾ ಅಂತ ಒಬ್ಬ ಹುಡುಗಿ ಅಮ್ಮನಿಗೆ ಹೇಳಿದಳು. ಅಮ್ಮ ಒಂದು ಗಳಿಗೆ ಸುಮ್ಮನಾಗಿ, "ಮಣಿ ಬೇರೆ, ಸೀರೆ ಬೇರೆ" ಅಂದರಂತೆ. ವಾದದಲ್ಲಿ ಗೆಲ್ಲುವುದು ಕಷ್ಟ. ಬಟ್ಟೆ ಕೊಳ್ಳಲು ಅವರನ್ನೂ ಕರೆದುಕೊಂಡು ಹೋಗಿ. ಒಳ್ಳೆಯ ವೆಲ್ವೆಟ್ ಮುಟ್ಟಿದ ಮೇಲೆ ಮೆತ್ತಗಾದ ಅಮ್ಮಂದಿರನ್ನು ನೋಡಿದ್ದೇನೆ.

ವೇಲ್ ಯಾವುದು ಹಾಕಲಿ?

ಕಪ್ಪು ನೆಟ್ಟಿನ ವೇಲ್ ಮುಖದ ಮೇಲೆ ಇಳಿಬಿಟ್ಟರೆ ನೇರ ಸಾವಿನ ಮನೆಯ ನೆನಪು ಬರುತ್ತದೆ, ಬಂದ ಹಿರಿಯರಿಗಂತೂ. ಹಿಂದಕ್ಕೆ ಬಿಡಿ. ಲೇಸಿನ ಅಂಚಿನ ಮಂಟಿಯ ತಲೆ ಮೇಲಿಂದ ಹೆಗಲಿಗೆ ಇಳಿದರೆ ಬಹಳ ಚೆಂದ, ತುರುಬಿಗೆ ಎತ್ತರದ ಬಾಚಣಿಗೆ ಸಿಕ್ಕಿಸಿ. ಕತೀಡ್ರಲ್ ಉದ್ದದ್ದು ಸುಮಾರು 2.7 ಮೀಟರ್. ಚಿಕ್ಕ ಕೋಣೆಯ ರಿಜಿಸ್ಟರ್ ಮದುವೆಗೆ ಅಷ್ಟುದ್ದ ಬೇಡ, ಯಾರಾದರೂ ಮೆಟ್ಟುತ್ತಾರೆ.

ಇನ್ನೊಂದು, ಮೋಂಬತ್ತಿ. ಗಾಥಿಕ್ ಮದುವೆ ಅಂದರೆ ಎಲ್ಲರಿಗೂ ನೂರಾರು ಮೋಂಬತ್ತಿ ಬೇಕು. ನೈಲಾನ್, ಪಾಲಿಯೆಸ್ಟರ್ ನೆಟ್ಟು ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ನೆಲದ ಮೇಲೆ, ನಡೆಯುವ ದಾರಿಯಲ್ಲಿ ಬರೀ ಬ್ಯಾಟರಿಯವು ಇಡಿಸಿ. ನಿಜವಾದವು ಎತ್ತರದಲ್ಲಿ, ಗಾಜಿನ ಒಳಗೆ.

ಒಡವೆ? ಮನೆಯ ಚಿನ್ನ ಹಾಕಬಹುದಾ?

ಧಾರಾಳವಾಗಿ. ಕಪ್ಪು ವೆಲ್ವೆಟ್ ಮೇಲೆ ಅಜ್ಜಿಯ ಹಳೆಯ ಕೆಂಪು ಕಲ್ಲಿನ ಅಡ್ಡಿಕೆಗೆ ಸಾಟಿ ಇಲ್ಲ. ಹೊಸ, ಥಳಥಳ ಹೊಳೆಯುವ ಚಿನ್ನ ಮಾತ್ರ ಗೌನನ್ನು ತಿಂದುಬಿಡುತ್ತದೆ. ಮಾಸಲು ಬೆಳ್ಳಿ, ಬೊಹೀಮಿಯಾದ ಗಾರ್ನೆಟ್ ಎಂಬ ಗಾಢ ಕೆಂಪು ಕಲ್ಲು ಕೂಡ ಹೊಂದುತ್ತವೆ.

ಅಪ್ಪಟ ಬೇಕೆಂದರೆ ವಿಟ್‌ಬಿ ಜೆಟ್. ಯಾರ್ಕ್‌ಶೈರ್ ಕರಾವಳಿಯ ವಿಟ್‌ಬಿ ಊರಿನ ಸುತ್ತ ಸಿಗುವ ಕಪ್ಪು ವಸ್ತು, ಕಲ್ಲಿನ ಹಾಗೆ ಕಂಡರೂ ಸುಮಾರು 18 ಕೋಟಿ ವರ್ಷ ಹಳೆಯ ಮರ ಒತ್ತಡಕ್ಕೆ ಸಿಕ್ಕಿ ಹಾಗಾದದ್ದು. ವಿಕ್ಟೋರಿಯಾ ಸೂತಕದಲ್ಲಿ ಧರಿಸಿದ ಮೇಲೆ ದೇಶವೆಲ್ಲ ಧರಿಸಿತು. 1994ರಿಂದ ಆ ಊರಲ್ಲಿ ಗಾಥ್ ಜಾತ್ರೆಯೂ ನಡೆಯುತ್ತಿದೆ, ಜೆಟ್ ಅಂಗಡಿಗಳಿಗೆ ಒಳ್ಳೆ ವ್ಯಾಪಾರ. ಕಪ್ಪು ಗಾಜನ್ನು ಫ್ರೆಂಚ್ ಜೆಟ್ ಅಂತ ಮಾರುತ್ತಾರೆ, ಮೋಸ ಹೋಗಬೇಡಿ. ಗಾಜು ಭಾರ, ಮುಟ್ಟಿದರೆ ತಣ್ಣಗೆ. ಜೆಟ್ ಹಗುರ, ತಣ್ಣಗೆ ಅನ್ನಿಸುವುದಿಲ್ಲ. ಬಣ್ಣ ಲೇಪಿಸದ ಪಿಂಗಾಣಿಗೆ ಉಜ್ಜಿದರೆ ಕಂದು ಗೆರೆ ಬೀಳುತ್ತದೆ.

ಆನ್‌ಲೈನ್‌ನಲ್ಲಿ ತರಿಸಬಹುದಾ?

ಬಹುದು, ಫೋಟೋ ನಂಬಬೇಡಿ. ಒಬ್ಬರ ಫೋಟೋ ಹತ್ತು ಅಂಗಡಿಯವರು ಹಾಕಿರುತ್ತಾರೆ. ಅವರು ಹೊಲಿದ ಗೌನಿನ ಒಳಭಾಗದ ವಿಡಿಯೋ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಬಟ್ಟೆಯಲ್ಲಿ ಏನೇನು ಎಷ್ಟೆಷ್ಟಿದೆ, ಬೋನು ಉಕ್ಕಿನದ್ದಾ, ಗೌನಿನ ತೂಕ ಎಷ್ಟು ಅಂತ ಕೇಳಿ. ಮದುವೆ ಗೌನಿನ ಸೈಜು ಮಾಮೂಲಿ ಬಟ್ಟೆಯ ಸೈಜಿಗೆ ಹೊಂದುವುದಿಲ್ಲ, ಒಂದೆರಡು ಸೈಜು ದೊಡ್ಡದೇ ಬೇಕಾಗಬಹುದು. ಹಾಗಾಗಿ ಇಂಚಿನ ಅಳತೆ ನೋಡಿ. ಎದೆ ಅಳತೆಗೆ ತಗೊಳ್ಳಿ, ಸೊಂಟ ಆಮೇಲೆ ಹಿಡಿಸಬಹುದು. ಬ್ರಿಟನ್ನಿನಲ್ಲಿ ಆನ್‌ಲೈನ್ ಖರೀದಿಯನ್ನು ಮಾಲು ಕೈಗೆ ಬಂದ 14 ದಿನದಲ್ಲಿ ರದ್ದು ಮಾಡುವ ಹಕ್ಕಿದೆ, ಆದರೆ ನಿಮ್ಮ ಅಳತೆಗೆ ಹೊಲಿದದ್ದಕ್ಕೆ ಅದು ಅನ್ವಯಿಸುವುದಿಲ್ಲ. ಇದು ತಿಳಿಯದೆ ದುಡ್ಡು ಕಳೆದುಕೊಂಡವರು ಬಹಳ ಜನ.

ಎಷ್ಟು ದಿನ ಮುಂಚೆ ಶುರು ಮಾಡಬೇಕು?

ಹೊಲಿಸುವುದಾದರೆ 8-9 ತಿಂಗಳು. ಮೊದಲು ಅಗ್ಗದ ಕಾಟನ್ನಿನಲ್ಲಿ ಮಾದರಿ ಹೊಲಿದು ಮೈಗೆ ಕೂರಿಸುತ್ತೇವೆ, ಆಮೇಲೆ ನಿಜವಾದ ಬಟ್ಟೆಗೆ ಕತ್ತರಿ. ರೆಡಿಮೇಡ್ ಆದರೆ ಆಲ್ಟರ್ ಮಾಡಿಸಲು 2-3 ತಿಂಗಳು ಇಟ್ಟುಕೊಳ್ಳಿ. ಟ್ರಯಲ್‌ಗೆ ಬರುವಾಗ ಮದುವೆ ದಿನದ ಚಪ್ಪಲಿ ಅಥವಾ ಬೂಟನ್ನೇ ತನ್ನಿ. ದಪ್ಪ ಹಿಮ್ಮಡಿಯ ಬೂಟು ಹಾಕುವವರು ನೀವು, ಅರ್ಧ ಇಂಚು ಆಚೀಚೆಯಾದರೂ ಅಂಚು ಹಾಳು.

ನಮ್ಮೂರಿನ ಸೆಕೆಯಲ್ಲಿ ಇದೆಲ್ಲ ಆಗುತ್ತದಾ?

ಏಪ್ರಿಲ್, ಮೇ ಮಧ್ಯಾಹ್ನ ವೆಲ್ವೆಟ್ ಬೇಡ. ಬಾಡಿಸ್‌ಗೆ ಮಾತ್ರ ವೆಲ್ವೆಟ್ಟಿನ ಪಟ್ಟಿ ಇಟ್ಟು, ಲಂಗಕ್ಕೆ ರೇಷ್ಮೆ ಆರ್ಗಂಜಾ, ಒಳಗೆ ತೆಳು ಹತ್ತಿಯ ಲೈನಿಂಗ್ ಹಾಕಿಸಿ. ಪಾಲಿಯೆಸ್ಟರ್ ಲೈನಿಂಗ್ ಹಾಕಿದರೆ ಬೆಂದುಹೋಗುತ್ತೀರಿ. ಹಾಸನದ ಹತ್ತಿರ ಶೆಟ್ಟಿಹಳ್ಳಿಯ ಹಾಳು ಚರ್ಚಿನಲ್ಲಿ ಫೋಟೋ ತೆಗೆಸುವ ಆಸೆ ಎಲ್ಲರಿಗೂ ಇರುತ್ತದೆ. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರು ಏರಿ ಅದು ಅರ್ಧ ಮುಳುಗುತ್ತದೆ, ನೀರು ಇಳಿದ ಮೇಲೂ ಕೆಸರು. ಟ್ರೇನನ್ನು ಮೇಲಕ್ಕೆ ಕಟ್ಟಲು ಒಳಗೆ ಕುಣಿಕೆ, ಗುಂಡಿ ಹೊಲಿಸಿಕೊಂಡೇ ಹೋಗಿ.

ಮದುವೆ ಆದ ಮೇಲೆ ಗೌನು ಏನು ಮಾಡಲಿ?

ಮತ್ತೆ ಹಾಕಿಕೊಳ್ಳಿ! ಬಿಳಿ ಗೌನಿಗೆ ಇಲ್ಲದ ಅನುಕೂಲ ಇದು. ಟ್ರೇನ್ ತೆಗೆಸಿ, ಲಂಗ ಗಿಡ್ಡ ಮಾಡಿಸಿದರೆ ಯಾವ ಪಾರ್ಟಿಗೂ ನಡೆಯುತ್ತದೆ. ಬಾಡಿಸ್ ಬೇರೆ, ಲಂಗ ಬೇರೆಯಾಗಿ ಹೊಲಿಸಿದ್ದರೆ ಇನ್ನೂ ಸುಲಭ. ಎತ್ತಿಡುವುದಾದರೆ ಪ್ಲಾಸ್ಟಿಕ್ ಚೀಲ ಬೇಡ, ಒಗೆದ ಹಳೆ ಹತ್ತಿ ಸೀರೆಯಲ್ಲಿ ಸುತ್ತಿ. ಭಾರದ ಗೌನನ್ನು ಹ್ಯಾಂಗರಿಗೆ ನೇತುಹಾಕಿದರೆ ಹೆಗಲು ಜೋತುಬೀಳುತ್ತದೆ. ಮಲಗಿಸಿ ಇಡಿ, ವರ್ಷಕ್ಕೊಮ್ಮೆ ಮಡಿಕೆ ಬದಲಿಸಿ. ಮನೆಯಲ್ಲಿ ಬೆಕ್ಕಿದ್ದರೆ ಬೀರುವಿನ ಬಾಗಿಲು ಭದ್ರವಾಗಿ ಹಾಕಿ. ಕಪ್ಪು ವೆಲ್ವೆಟ್ಟಿನಿಂದ ಬಿಳಿ ಕೂದಲು ತೆಗೆಯುವ ಕೆಲಸಕ್ಕೆ ನಾನು ಬೇರೆ ದುಡ್ಡು ತಗೊಳ್ಳುತ್ತೇನೆ.